ಅಧ್ಯಕ್ಷರ ಬ್ಯಾಟರಿ

ಸಿದ್ದಾಪುರದ ಗಾಳೇಶಪ್ಪನವರು ಈಚೆಗೆ ತಮ್ಮ ಗೊಬ್ಬರದ ಅಂಗಡಿಗೆ ಹೋಗುವಾಗ ಮುಖ್ಯರಸ್ತೆ ಹಿಡಿಯುವುದಿಲ್ಲ. ಅಂಗಡಿ ಮನೆಯಿಂದ ಕೂಗಳತೆಯಲ್ಲೇ ಇದೆ. ಆದರೂ ಅವರು ಕಾಲುವೆ ದಂಡೆ ಸುತ್ತಿ, ಅಕ್ಕಿ ಗಿರಣಿಯ ಹಿಂದಿನ ಹೊಟ್ಟಿನ ಗುಡ್ಡೆ ದಾಟಿ, ಹೆಗಲ ಮೇಲಿನ ಟವೆಲನ್ನು ತಲೆಗೆ ಹೊದ್ದುಕೊಂಡು ಹಿತ್ತಿಲ ಬಾಗಿಲಿನಿಂದ ತಮ್ಮ ಅಂಗಡಿಯನ್ನು ತಾವೇ ಕಳ್ಳರಂತೆ ಹೊಗುತ್ತಾರೆ. ಕೇಳಿದವರಿಗೆ ಡಾಕ್ಟರು ವಾಕಿಂಗ್ ಹೇಳಿದ್ದಾರೆ ಎನ್ನುತ್ತಾರೆ. (ಯಾವ ಡಾಕ್ಟರೂ ಹೇಳಿಲ್ಲ.) ಅಸಲು ಸಂಗತಿ ಎಂದರೆ ಗಾಳೇಶಪ್ಪನವರಿಗೆ ನಾಚಿಕೆಯಾಗಿದೆ. ನಲವತ್ತೇಳು ವರ್ಷ ಅವರ ಹತ್ತಿರ ಸುಳಿಯದಿದ್ದ ಈ ನಾಚಿಕೆ ಒಂದೇ ವಾರದಲ್ಲಿ ಬಡ್ಡಿ ಸಮೇತ ಬಂದು ವಕ್ಕರಿಸಿದ್ದು ಹೇಗೆಂಬುದೇ ಈ ಕಥೆ.

ಗಾಳೇಶಪ್ಪನವರು ಊರ ಹೈಸ್ಕೂಲಿನ ಎಸ್‌ಡಿಎಂಸಿ ಅಧ್ಯಕ್ಷರು. ಇಂಥ ಪದವಿ ಸಿಕ್ಕವರು ಒಂದೋ ಕೆಲಸ ಮಾಡುತ್ತಾರೆ, ಇಲ್ಲವೆ ಮಾತಾಡುತ್ತಾರೆ. ನಮ್ಮ ಅಧ್ಯಕ್ಷರ ಹೆಸರಿನಲ್ಲೇ ಗಾಳಿ ಇದ್ದುದರಿಂದ ಅವರು ಎರಡನೆಯ ದಾರಿ ಹಿಡಿದರು. ಅವರ ನಿಜವಾದ ಕೀರ್ತಿ ಹಬ್ಬಿದ್ದು ಮಾತ್ರ ಪಾಲಕರ ವಾಟ್ಸಾಪ್ ಗುಂಪಿನಲ್ಲಿ. ದಿನಾ ಬೆಳಿಗ್ಗೆ ಅಲ್ಲಿ ಅಧ್ಯಕ್ಷರ ಸಂದೇಶ ಅವತರಿಸುತ್ತಿತ್ತು. ‘ಮಾನ್ಯ ಪಾಲಕ ಬಂಧುಗಳೇ, ಗದ್ದೆಗೆ ನೀರು ಕಟ್ಟುವಾಗ ತೋರುವ ಕಾಳಜಿಯನ್ನು ಮಕ್ಕಳ ಓದಿಗೂ ತೋರೋಣ’ ಎಂಬಂಥ ಮಾತು. ಒತ್ತು, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ಇದ್ದಲ್ಲೇ ಇರುತ್ತಿದ್ದವು. ಪಕ್ಕದ ಮರಳಿ ಊರಿನಿಂದ ಬರುವ ಕನ್ನಡ ಮೇಷ್ಟ್ರು ಕೂಡ ಅದನ್ನು ಓದಿ ತಲೆದೂಗುತ್ತಿದ್ದರಂತೆ.

ಈ ಸಾಹಿತ್ಯ ಹುಟ್ಟುತ್ತಿದ್ದ ಬಗೆಯನ್ನು ಹೇಳಿಬಿಡಬೇಕು. ಅಧ್ಯಕ್ಷರು ಮಂಚದ ಮೇಲೆ ಅಡ್ಡಾಗಿ, ಹೊಟ್ಟೆ ಸವರಿಕೊಳ್ಳುತ್ತ, ಮಂದಿಗೆ ಒಂದೀಟು ಬುದ್ಧಿ ಹೇಳಿದಂಗ ಏನರ ಹಾಕವ್ವಾ ಎಂದು ಆಕಳಿಸುತ್ತಿದ್ದರು. ಹತ್ತನೆಯ ಇಯತ್ತೆಯ ಮಗಳು ಸುಕನ್ಯಾ ಒಂದು ಕೈಯಲ್ಲಿ ಜಡೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಅಪ್ಪನ ಫೋನಿನಲ್ಲಿ ಬರೆದು ಕಳಿಸುತ್ತಿದ್ದಳು. ಈ ಕಡೆಯಿಂದ ಆಕಳಿಕೆ ಹೋದರೆ ಆ ಕಡೆಯಿಂದ ಸಾಹಿತ್ಯ ಬರುತ್ತಿತ್ತು. ದಿನಾ ಹೀಗೇ ಆಗುತ್ತಿದ್ದರೆ ಯಾರಿಗಾದರೂ ಅದು ತನ್ನದೇ ಅನಿಸಿಬಿಡುತ್ತದೆ. ಗಾಳೇಶಪ್ಪನವರಿಗೂ ಅನಿಸಿತ್ತು. ಬಜಾರಿನಲ್ಲಿ ಯಾರಾದರೂ ಹೊಗಳಿದರೆ ಅವರು ಮೀಸೆ ಮುಟ್ಟಿಕೊಂಡು, ಏನೋ, ಹೊಳದದ್ದು ಬರೀತೀನಿ ಎನ್ನುತ್ತಿದ್ದರು.

ಆಗ ಹೈಸ್ಕೂಲಿನಲ್ಲಿ ಫೋನಿನ ಗಲಾಟೆ ಎದ್ದಿತು. ಹುಡುಗರು ಕಂಪಾಸ್ ಡಬ್ಬಿಯಲ್ಲಿ ಫೋನ್ ಇಟ್ಟುಕೊಂಡು ಬರುವುದು, ಪಾಠ ನಡೆದಾಗ ಯಾರದೋ ಚೀಲದೊಳಗಿಂದ ಹಾಡು ಏಳುವುದು, ಒಬ್ಬನಂತೂ ಕೈಗಡಿಯಾರದ ಸಂಗಡವೇ ಪಿಸುಪಿಸು ಮಾತಾಡುವುದು ನಡೆದಿತ್ತು. ಮುಖ್ಯೋಪಾಧ್ಯಾಯಿನಿ ದುರ್ಗಾದೇವಿ ಮೇಡಂ ಪಾಲಕರ ಸಭೆ ಕರೆದರು. ಅಧ್ಯಕ್ಷರು ಎದ್ದು ನಿಂತು, ಶಾಲೆಯಲ್ಲಿ ಫೋನೂ ಬಂದ್, ಮಾತಾಡುವ ಗಡಿಯಾರವೂ ಬಂದ್ ಎಂದು ಗುಡುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಗೇ ಕೂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಚಪ್ಪಾಳೆ ಬಿದ್ದ ಮೇಲೆ ಕೂಡುವ ಅಭ್ಯಾಸ ಅಧ್ಯಕ್ಷರಿಗೆ ಇರಲಿಲ್ಲ. ಮನೆಯಲ್ಲೂ ಮಕ್ಕಳು ಫೋನ್ ಮುಟ್ಟಬಾರದು, ತಮ್ಮದನ್ನೂ ಮುಟ್ಟಬಾರದು, ತಂದೆತಾಯಿಯದನ್ನೂ ಮುಟ್ಟಬಾರದು, ನೋಡಬಾರದು, ಓದಬಾರದು, ಹೇಳಿಕೊಡಲೂಬಾರದು ಎಂದು ಒಂದೊಂದೇ ಬಾಗಿಲು ಹಾಕುತ್ತ ಹೋದರು.

ಹಿಂದಿನ ಸಾಲಿನಿಂದ ಮೆಹಜಬೀನ ಎದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಮಷೀನು ಇಟ್ಟುಕೊಂಡ ಹೆಂಗಸು. ಆಕೆಯ ಮಗಳು ಸುಕನ್ಯಾಳ ಬೆಂಚಿನವಳೇ.

“ಸಾಲ್ಯಾಗ ಬಂದ್ ಮಾಡ್ರಿ, ಛಲೋ ಆತು,” ಎಂದಳು. “ಮನ್ಯಾಗ ಹೆಂಗ್ರಿ? ನನಗ ಓದಾಕ ಬರೂದಿಲ್ಲ. ಅಳತಿ, ಆರ್ಡರು ಎಲ್ಲಾ ಫೋನಿನ್ಯಾಗ ಬರದ ಕಳಸ್ತಾರ. ಮಗಳ ಓದಿ ಹೇಳಬೇಕು.”

ಅದು ಸರಳವಾದ ಪ್ರಶ್ನೆ. ಸರಳವಾಗಿ ಉತ್ತರಿಸಬಹುದಿತ್ತು. ಆದರೆ ಅಧ್ಯಕ್ಷರ ಭಾಷಣ ಇಳಿಜಾರಿನಲ್ಲಿತ್ತು. “ಮಕ್ಕಳ ಕೈಲೆ ಫೋನ್ ನಡಸೂವಂಥವರು ಫೋನ್ ಯಾಕ ಇಟ್ಕೋಬೇಕವಾ,” ಎಂದುಬಿಟ್ಟರು. ಜನ ನಕ್ಕರು. ಮೆಹಜಬೀನ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೂತಳು. ಆ ನಗೆಯನ್ನು ಅಧ್ಯಕ್ಷರು ತಮ್ಮ ಹಾಸ್ಯಪ್ರಜ್ಞೆಗೆ ಸಂದ ಗೌರವವೆಂದು ಸ್ವೀಕರಿಸಿದರು.

ಮರುದಿನ ಪ್ರಾರ್ಥನೆಯ ವೇಳೆ ಅವರೇ ಹೋಗಿ ಮಕ್ಕಳಿಗೆ ಆಣೆ ಹಾಕಿಸಿದರು. ಅದೂ ಸಾಮಾನ್ಯ ಆಣೆಯಲ್ಲ, ಪುಸ್ತಕ ಮುಟ್ಟಿ ವಿದ್ಯಾ ಆಣೆ. ಅದನ್ನು ಮುರಿದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲವೆಂದು ನಮ್ಮ ಕಡೆಯ ಮಕ್ಕಳು ಈಗಲೂ ನಂಬುತ್ತಾರೆ. ಹತ್ತನೆಯ ಇಯತ್ತೆಯವರು ಪರೀಕ್ಷೆಯ ವರ್ಷದಲ್ಲಿ ಇನ್ನೂ ಗಟ್ಟಿಯಾಗಿ ನಂಬುತ್ತಾರೆ. ಮೊದಲು ಪುಸ್ತಕ ಮುಟ್ಟಿದವಳು ಸುಕನ್ಯಾ. ಅಪ್ಪ ಹೆಮ್ಮೆಯಿಂದ ಎದೆ ಉಬ್ಬಿಸಿದರು.

ಈ ನಿಷೇಧದ ಸುದ್ದಿ ಶಿಕ್ಷಣ ಇಲಾಖೆಯ ಸಾಹೇಬರ ಕಿವಿಗೂ ಬಿದ್ದು, ಅವರು ಶನಿವಾರ ಶಾಲೆಗೆ ಬಂದು ಅಧ್ಯಕ್ಷರಿಗೆ ಶಾಲು ಹೊದಿಸುತ್ತಾರೆಂದು ಗೊತ್ತಾಯಿತು. ದುರ್ಗಾದೇವಿ ಮೇಡಂ ಫೋನ್ ಮಾಡಿ, ಪಾಲಕರನ್ನು ಕರೆಯಲು ನಿಮ್ಮ ಶೈಲಿಯಲ್ಲೇ ಒಂದು ಸಂದೇಶ ಹಾಕಿರಿ, ಸಾಹೇಬರನ್ನೂ ಗುಂಪಿಗೆ ಸೇರಿಸಿದ್ದೇನೆ ಎಂದರು. ಆಣೆಯ ಹೊಗಳಿಕೆ ಕೇಳುತ್ತ ತಿರುಗುವುದರಲ್ಲಿ ಅಧ್ಯಕ್ಷರು ಕೆಲವು ದಿನ ಸಂದೇಶ ಹಾಕುವುದನ್ನೇ ಮರೆತಿದ್ದರು. ಗಾಳೇಶಪ್ಪನವರು ಗುರುವಾರ ಬೆಳಿಗ್ಗೆ ಮಂಚದ ಮೇಲೆ ಅಡ್ಡಾಗಿ, ಹೊಟ್ಟೆ ಸವರಿಕೊಂಡು, ಎಂದಿನಂತೆ ಫೋನನ್ನು ಮಗಳ ಕಡೆ ಚಾಚಿದರು. ಮಗಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

“ವಿದ್ಯಾ ಆಣಿ ಐತಲ್ಲಪ್ಪ,” ಎಂದಳು.

ಅದು ಬ್ಯಾರೆ ಮಕ್ಕಳಿಗೆ ಎಂದು ಅಪ್ಪ ಹೇಳಿ ನೋಡಿದರು. ಆಣೆಯಲ್ಲಿ ಹಾಗೇನೂ ಇರಲಿಲ್ಲವೆಂದು ಮಗಳು ಹೇಳಿದಳು. ಬರೆಯುವುದು ಬೇಡ, ಎಲ್ಲಿ ಒತ್ತಬೇಕೆಂದು ಬಾಯಲ್ಲಿ ಹೇಳು ಎಂದರು. ಹೇಳಿಕೊಡಲೂಬಾರದು ಅಂತ ನೀವೇ ಸೇರಿಸಿದ್ದಿರಿ ಎಂದು ಮಗಳು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟೇಹೋದಳು. ಹೆಂಡತಿ ಮಹೇಶ್ವರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸಪ್ಪಳದಲ್ಲಿ ಒಂದು ಬಗೆಯ ಖುಷಿ ಇತ್ತು.

ಅಧ್ಯಕ್ಷರಿಗೆ ಓದು ಬರಹ ಬರುವುದಿಲ್ಲವೆಂದಲ್ಲ. ಕನ್ನಡಕ ಇದ್ದರೆ ಪೇಪರು ಓದುತ್ತಾರೆ, ರಸೀದಿಗೆ ಸಹಿ ಹಾಕುತ್ತಾರೆ. ಫೋನಿನ ಅಕ್ಷರಗಳು ಮಾತ್ರ ಅವರ ಹೆಬ್ಬೆರಳಿಗಿಂತ ಚಿಕ್ಕವು. ಆಗ ಅವರಿಗೆ ಅಂಗಡಿಯ ಗಿರಾಕಿಯೊಬ್ಬ ತೋರಿಸಿದ್ದ ಮೈಕಿನ ಗುರುತು ನೆನಪಾಯಿತು. ಅದನ್ನು ಒತ್ತಿ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದಂತೆ. ಆಕಳಿಸಿದರೆ ಮಗಳು ಸಾಹಿತ್ಯ ಬರೆಯುತ್ತಿದ್ದಳು, ಇಷ್ಟು ಬೆಲೆಯ ಫೋನು ಬರೆಯದೆ ಇರುತ್ತದೆಯೆ? ಗಾಳೇಶಪ್ಪನವರು ಎದ್ದು ಕೂತು, ಗಂಟಲು ಸರಿಮಾಡಿಕೊಂಡು, ಮೈಕಿನ ಗುರುತು ಒತ್ತಿ, ಬಹಿರಂಗ ಸಭೆಯ ದನಿಯಲ್ಲಿ ಶುರುಮಾಡಿದರು. ಸಾಲಿ ಮಕ್ಕಳ ತಾಯಿತಂದಿಗಳಿಗೆ ನಮಸ್ಕಾರ ಎಂದರು. ಮಕ್ಕಳಿಗೆ ಫೋನ್ ಕೊಡಬ್ಯಾಡ್ರಿ, ಸಾಲಿಗೆ ತರಬ್ಯಾಡ್ರಿ, ನಮ್ಮ ಸಾಲಿಗೆ ಹೆಸರು ಐತಿ ಎಂದರು. ಶನಿವಾರ ಸಾಹೇಬರು ಬರ್ತಾರ, ಎಲ್ಲಾರೂ ಬರ್ರಿ ಎಂದರು.

ಇಲ್ಲಿ ಮಹೇಶ್ವರಿಗೆ ತಡೆಯಲಾಗಲಿಲ್ಲ. ಒಲೆಯ ಮುಂದಿನಿಂದಲೇ ಏನೋ ಅಂದಳು. ಅಧ್ಯಕ್ಷರು ಆಕೆಯನ್ನು ಗದರಿಸಿದರು. ಆಮೇಲೆ ಫೋನಿನ ಮೇಲೆ ಸಾಲುಗಳು ಸಾಲಾಗಿ ಮೂಡಿರುವುದನ್ನು ಕಂಡು ಆನಂದಪಟ್ಟು, ಕನ್ನಡಕ ಅಂಗಡಿಯಲ್ಲಿದ್ದುದರಿಂದ ಓದುವ ಗೋಜಿಗೆ ಹೋಗದೆ ಬಾಣದ ಗುರುತು ಒತ್ತಿಬಿಟ್ಟರು. ನಾ ಓದಿ ನೋಡಲೇನು ಎಂದು ಮಹೇಶ್ವರಿ ಕೇಳಿದ್ದಳು. ರೊಟ್ಟಿ ನೋಡು ಎಂದು ಅಧ್ಯಕ್ಷರು ಹೇಳಿದ್ದರು.

ಅಂಗಡಿಗೆ ಹೋಗಿ ಊದಿನಕಡ್ಡಿ ಹಚ್ಚಿ, ಕನ್ನಡಕ ಹಾಕಿಕೊಂಡು, ಹೊಗಳಿಕೆ ಎಷ್ಟು ಬಂದಿದೆ ನೋಡೋಣವೆಂದು ಫೋನ್ ತೆರೆದರು. ತಮ್ಮ ಹೆಸರಿನಲ್ಲಿ ಹೋಗಿದ್ದ ಸಂದೇಶ ಇದು:

‘ಖಾಲಿ ಮಕ್ಕಳ ತಾಯಿ ತಂದೆಗಳಿಗೆ ನಮಸ್ಕಾರ ಮಕ್ಕಳಿಗೆ ಫೋನ್ ಕೊಡ ಬ್ಯಾಟರಿ ಖಾಲಿಗೆ ತರ ಬ್ಯಾಟರಿ ನಮ್ಮ ಖಾಲಿಗೆ ಹೆಸರು ಐಟಿ ಶನಿವಾರ ಸಾಹೇಬರು ಬರ್ತಾರ ಎಲ್ಲಾರೂ ಬರಿ ಇಷ್ಟು ದಿನ ಸುಕನ್ಯಾ ಬರೆದು ಕೊಡುತ್ತಿದ್ದಳು ನೀವು ಮೀಸೆ ತಿರುವುತ್ತಿದ್ದಿರಿ ಈಗ ಒಬ್ಬರೇ ಬರೀರಿ ನೋಡೋಣ ಸುಮ್ಮನಿರು ಯಾರಾದರೂ ಕೇಳಿಸಿಕೊಂಡಾರು’

ಗಾಳೇಶಪ್ಪನವರ ಭಾಷಣ ನೆಟ್ಟಗೆ ಕೇಳಿಸದ ಆ ಫೋನು ಮಹೇಶ್ವರಿ ಅಂದದ್ದನ್ನು ಮಾತ್ರ ಒತ್ತು ದೀರ್ಘ ತಪ್ಪದೆ ಬರೆದುಕೊಂಡಿತ್ತು. (ಆ ಮನೆಯಲ್ಲಿ ಆಕೆಯ ಮಾತನ್ನು ಎಲ್ಲರೂ ಹಾಗೆಯೇ ಕೇಳುತ್ತಾರೆ.) ಅಧ್ಯಕ್ಷರು ಸಂದೇಶದ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಅಳಿಸಬೇಕೇ ಎಂದು ಫೋನು ಕೇಳಿತು. ಎಲ್ಲರಿಗಾಗಿ ಅಳಿಸು ಎಂದೊಂದು, ನನಗಾಗಿ ಅಳಿಸು ಎಂದೊಂದು. ಎಲ್ಲರೂ ಬಂದು ಅಳಿಸೆಂದು ನನ್ನನ್ನು ಕೇಳಿದ್ದಾರೆಯೆ, ಇದು ನನ್ನ ಸಂಕಟ, ನನಗಾಗಿಯೇ ಅಳಿಸಬೇಕು ಎಂದು ತರ್ಕಿಸಿ ಅದನ್ನೇ ಒತ್ತಿದರು. ಸಂದೇಶ ಮಾಯವಾಯಿತು. ಗಾಳೇಶಪ್ಪನವರು ದೇವರ ಫೋಟೋಕ್ಕೆ ಕೈಮುಗಿದು ಚಹಾ ತರಿಸಿದರು.

ಚಹಾ ಇನ್ನೂ ಬಿಸಿ ಇರುವಾಗಲೇ ಒಬ್ಬ ರೈತ ಬಂದು ಯೂರಿಯಾ ಕೇಳುವ ಬದಲು ಫೋನಿನ ಬ್ಯಾಟರಿ ಐತೇನ್ರಿ ಎಂದ. ಅವನ ಬೆನ್ನಿಗೇ ಇನ್ನೊಬ್ಬ ಬಂದ. ಅವನ ಮಗಳು ಕ್ಲಾಸಿಗೇ ಮೊದಲು, ಆಕೆಯನ್ನು ಖಾಲಿ ಎಂದದ್ದು ಯಾಕೆಂದು ತಿಳಿಯಬೇಕಾಗಿತ್ತು. ಆಮೇಲೆ ದುರ್ಗಾದೇವಿ ಮೇಡಂ ಫೋನ್ ಮಾಡಿ, ನಿಮ್ಮ ಸಂದೇಶ ಎಂದು ಶುರುಮಾಡಿ, ನಗು ತಡೆಯಲು ಕೆಮ್ಮತೊಡಗಿದರು. ಹಿಂದಿನಿಂದ ಸ್ಟಾಫ್ ರೂಮಿನ ನಗು ಕೇಳುತ್ತಿತ್ತು. ನನಗಾಗಿ ಅಳಿಸಿದ್ದು ನಿಜಕ್ಕೂ ತಮಗೊಬ್ಬರಿಗಾಗಿಯೇ ಅಳಿಸಿತ್ತೆಂದು ಗಾಳೇಶಪ್ಪನವರಿಗೆ ಆಗ ಅರ್ಥವಾಯಿತು. ಇಡೀ ಊರಿನಲ್ಲಿ ಆ ಸಂದೇಶ ಇಲ್ಲದ ಫೋನು ಅವರದೊಂದೇ.

ಅವಮಾನವೇನೋ ಆಗಿತ್ತು. ಆದರೆ ನಾಚಿಕೆ ಇನ್ನೂ ಬಂದಿರಲಿಲ್ಲ. ತಪ್ಪು ಫೋನಿನದು, ಬೆಂಗಳೂರಿನ ಕನ್ನಡ ಕಲಿತು ನಮ್ಮ ಮಾತು ಮರೆತ ಕಂಪನಿಯದು, ಹೆಚ್ಚೆಂದರೆ ಮಹೇಶ್ವರಿಯದು ಎಂದು ಅವರು ಲೆಕ್ಕ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೆಹಜಬೀನ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಬೆಂಚಿನ ಮೇಲೆ ಗಿರಾಕಿಗಳು ಕೂತಿದ್ದರು. ಆಕೆ ಯಾರನ್ನೂ ನೋಡದೆ ತನ್ನ ಫೋನನ್ನು ಅಧ್ಯಕ್ಷರ ಮುಂದೆ ಇಟ್ಟಳು.

“ನೀವು ಬೆಳಿಗ್ಗೆ ಏನೋ ಬರದೀರಂತ,” ಎಂದಳು. “ಮಗಳು ಆಣಿ ಮುರಿಯೂದಿಲ್ಲ. ನೀವು ಕಲ್ತವರು, ಓದಿ ಹೇಳ್ರಿ.”

ಗಾಳೇಶಪ್ಪನವರು ಫೋನ್ ಕೈಗೆತ್ತಿಕೊಂಡರು. ಖಾಲಿ, ಬ್ಯಾಟರಿ, ಮೀಸೆ ಎಲ್ಲ ಅಲ್ಲಿ ಸುಖವಾಗಿದ್ದವು. ಈಕೆಗೆ ಓದು ಬರುವುದಿಲ್ಲವಲ್ಲ, ಬೇರೆ ಏನನ್ನಾದರೂ ಓದಿದರಾಯಿತು ಎಂದು ಅವರಿಗೆ ಹೊಳೆಯಿತು. (ಆ ಯೋಚನೆ ಬಂದದ್ದಕ್ಕೇ ಈಗ ಅವರು ಕಾಲುವೆ ದಂಡೆ ಸುತ್ತುತ್ತಿರುವುದು.) ಮಾನ್ಯ ಪಾಲಕ ಬಂಧುಗಳೇ ಎಂದು ಗಂಭೀರವಾಗಿ ಶುರುಮಾಡಿದರು. ಮುಂದಿನದು ಬರಲಿಲ್ಲ. ಇಷ್ಟು ತಿಂಗಳು ತಮ್ಮ ಹೆಸರಿನಲ್ಲಿ ಹೋದ ಸಂದೇಶಗಳಲ್ಲಿ ಒಂದನ್ನಾದರೂ ನೆನಪಿಸಿಕೊಳ್ಳಲು ನೋಡಿದರು. ಒಂದೂ ನೆನಪಾಗಲಿಲ್ಲ. ಬರೆಯುವುದು ಅತ್ತ ಇರಲಿ, ಮಗಳು ಬರೆದದ್ದನ್ನು ಅವರು ಒಮ್ಮೆಯೂ ಓದಿರಲಿಲ್ಲ. ಮಾನ್ಯ ಪಾಲಕ ಬಂಧುಗಳೇ ಎಂದು ಇನ್ನೊಮ್ಮೆ ಅಂದರು. ಬೆಂಚಿನವರು ನೆಲ ನೋಡತೊಡಗಿದರು.

“ಅದರಾಗ ಬ್ಯಾಟರಿ ಎಲ್ಲಿ ಬರ್ತೈತ್ರಿ?” ಎಂದು ಮೆಹಜಬೀನ ಕೇಳಿದಳು.

ಆಕೆಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿ ಓದಿ ಹೇಳಿದ್ದರು. ಗಾಳೇಶಪ್ಪನವರು ಕನ್ನಡಕ ತೆಗೆದಿಟ್ಟರು. “ನನಗ ಫೋನಿನ್ಯಾಗ ಬರಿಯಾಕ ಬರೂದಿಲ್ಲವಾ,” ಎಂದರು. ಬಹಳ ಸಣ್ಣ ದನಿ. “ಮಗಳ ಬರೀತಿದ್ದಳು.”

“ಇದ ಮಾತನ್ನ ನಾ ಸಭಾದಾಗ ಎಲ್ಲಾರ ಮುಂದ ಅಂದಿದ್ದೆ,” ಎಂದಳು ಮೆಹಜಬೀನ. “ನೀವು ನಗಿಸಿದ್ರಿ.”

ಆಗ ಗಾಳೇಶಪ್ಪನವರಿಗೆ ನಾಚಿಕೆಯಾಯಿತು. ಬೆಂಚಿನವರ ಎದುರು ಆದ ನಾಚಿಕೆಯಲ್ಲ ಅದು. ಬೆಂಚು ಖಾಲಿ ಇದ್ದಿದ್ದರೂ ಆಗುತ್ತಿತ್ತು. ಮೆಹಜಬೀನ ದನಿ ಏರಿಸಲಿಲ್ಲ. ಓದಿ ಹೇಳುವವರಿಲ್ಲದೆ ಈ ವಾರ ಒಂದು ಮದುವೆಯ ಮನೆಯ ಜಂಪರುಗಳನ್ನು ತಪ್ಪು ಅಳತೆಗೆ ಹೊಲಿದಿದ್ದಾಗಿ ಹೇಳಿದಳು. ಆ ಮನೆಯವರು ಮುಂದಿನ ಬಟ್ಟೆಯನ್ನು ಬೇರೆ ಕಡೆ ಕೊಟ್ಟಿದ್ದರು. ಅಧ್ಯಕ್ಷರು ಏನೋ ಹೇಳಹೋದರು. ಆಕೆಗೆ ಅದು ಬೇಕಿರಲಿಲ್ಲ. ಆಣೆ ಹಾಕಿಸಿದವರೇ ಬಿಡಿಸಬೇಕು, ಮಕ್ಕಳು ಬೇರೆಯವರ ಮಾತಿಗೆ ಬಿಡುವುದಿಲ್ಲ, ಯಾಕೆ ಬಿಡಿಸುತ್ತಿದ್ದೇನೆಂದು ಅವರೆದುರಿಗೇ ಹೇಳಿ ಬಿಡಿಸಿ ಎಂದು ಹೇಳಿ, ತನ್ನ ಫೋನ್ ತೆಗೆದುಕೊಂಡು ಮೆಟ್ಟಿಲಿಳಿದಳು.

ಮಕ್ಕಳೂ ಪಾಲಕರೂ ಒಟ್ಟಿಗೆ ಸೇರುವುದು ಶನಿವಾರದ ಪ್ರಾರ್ಥನೆಗೆ. ಅದೇ ದಿನ ಸಾಹೇಬರು, ಅದೇ ದಿನ ಶಾಲು. ಶುಕ್ರವಾರ ಸಂಜೆ ಗಾಳೇಶಪ್ಪನವರು ಹಾಳೆ, ಪೆನ್ನು ಹಿಡಿದುಕೊಂಡು ಓದುತ್ತಿದ್ದ ಮಗಳ ಪಕ್ಕದಲ್ಲಿ ಕೂತರು. ಪೆನ್ನಿಗೆ ಆಣೆ ಇಲ್ಲವಲ್ಲ, ನಾಳೆ ಮಾತಾಡಬೇಕು, ನಾಲ್ಕು ಸಾಲು ಬರೆದುಕೊಡು ಎಂದು ಕೇಳಿದರು. ಸುಕನ್ಯಾ ಪೆನ್ನು ತೆಗೆದುಕೊಂಡಳು, ಯೋಚನೆ ಮಾಡಿದಳು, ತಿರುಗಿ ಕೊಟ್ಟಳು.

“ನಿಮಗ ಬರಿಯಾಕ ಬರೂದಿಲ್ಲ ಅಂತ ನಾ ಬರದ ಕೊಟ್ಟರ, ಅದೂ ನಾನ ಬರದಂಗ ಆತಲ್ಲಪ್ಪ,” ಎಂದಳು.

ಮಹೇಶ್ವರಿಗೆ ಎಂದೂ ಇಲ್ಲದಂತೆ ಗಂಡನ ಮೇಲೆ ಕನಿಕರ ಬಂತು. ಹೊಟ್ಟೆನೋವು ಅಂತ ಹೇಳಿ ಮಲಗಿಬಿಡ್ರಿ ಎಂದು ಸಲಹೆ ಕೊಟ್ಟಳು. ಗಾಳೇಶಪ್ಪನವರಿಗೆ ಆಸೆಯಾಯಿತು. ಹೊಟ್ಟೆಯನ್ನು ಮುಟ್ಟಿಯೂ ನೋಡಿಕೊಂಡರು. ಆದರೂ ಬೆಳಿಗ್ಗೆ ಎದ್ದು ಬಿಳಿ ಅಂಗಿ ಹಾಕಿಕೊಂಡು ಶಾಲೆಗೆ ಹೋದರು.

ಸಾಹೇಬರು ಕುರ್ಚಿಯಲ್ಲಿದ್ದರು, ಶಾಲು ತಟ್ಟೆಯಲ್ಲಿತ್ತು. ಮೈದಾನದ ಅಂಚಿನಲ್ಲಿ ಪಾಲಕರು ನಿಂತಿದ್ದರು, ಮೆಹಜಬೀನಳೂ ಇದ್ದಳು. ಎಂದೂ ಕಾಣದಷ್ಟು ಜನ. (ಬ್ಯಾಟರಿಯ ಪ್ರಭಾವ.) ಅಧ್ಯಕ್ಷರು ಮೈಕಿನ ಮುಂದೆ ಬಂದಾಗ ಹುಡುಗರ ಸಾಲಿನಲ್ಲಿ ಕಿಸಿಕಿಸಿ ಶುರುವಾಯಿತು. ಹತ್ತು ಭಾಷಣಕ್ಕಾಗುವಷ್ಟು ಗಾಳಿ ತುಂಬಿಕೊಂಡೇ ಮೈಕಿಗೆ ಬರುತ್ತಿದ್ದ ಮನುಷ್ಯನಿಗೆ ಅಂದು ಉಸಿರೇ ಸಾಲದಾಯಿತು.

“ನಿಮಗ ಆಣಿ ಹಾಕಿದಾವ ನಾನು,” ಎಂದರು. “ಅದರಾಗ ಅರ್ಧ ಬಿಡಸಾಕ ಬಂದೀನಿ. ಸಾಲ್ಯಾಗ ಫೋನ್ ಬ್ಯಾಡ, ಅದು ಇರಲಿ. ಮನ್ಯಾಗ ದೊಡ್ಡವರಿಗೆ ಓದಿ ಹೇಳ್ರಿ, ಬರದು ಕೊಡ್ರಿ. ನನಗೂ ಬರೂದಿಲ್ಲ, ನನ್ನ ಮಗಳು ಬರದು ಕೊಡತಿದ್ದಳು. ನಾ ಬರದೀನಿ ಅಂತ ತಿರಗಿದೆ. ಬರೂದಿಲ್ಲ ಅಂತ ಖರೇ ಹೇಳಿದ ತಾಯಿ ಮ್ಯಾಲ ಮಂದಿನ್ನ ನಗಿಸಿದೆ. ಅದು ತಪ್ಪು. ಆಣಿ ಬಿಟ್ಟೀನಿ.”

ಕಿಸಿಕಿಸಿ ನಿಂತುಹೋಗಿತ್ತು. ಗಾಳೇಶಪ್ಪನವರು ಮೆಹಜಬೀನಳ ಕಡೆ ಕೈ ಮುಗಿದರು. ಆಕೆ ಸೆರಗು ಸರಿಮಾಡಿಕೊಂಡು ತಲೆ ಅಲ್ಲಾಡಿಸಿದಳು. ಮೊದಲು ಚಪ್ಪಾಳೆ ತಟ್ಟಿದವರು ಕನ್ನಡ ಮೇಷ್ಟ್ರು. ಆಮೇಲೆ ಎಲ್ಲರೂ ತಟ್ಟಿದರು, ಸಾಹೇಬರು ಎದ್ದು ನಿಂತೇ ತಟ್ಟಿದರು. ಗಾಳೇಶಪ್ಪನವರ ಕಣ್ಣಲ್ಲಿ ನೀರು ಬಂತು. ಜೀವನದಲ್ಲಿ ಮೊದಲ ಸಲ ಅವರು ಗಾಳಿಯಿಲ್ಲದ ಸ್ವಂತ ಮಾತಿಗೆ ಚಪ್ಪಾಳೆ ಪಡೆದಿದ್ದರು, ಅದೂ ಯಾರೂ ಬರೆದುಕೊಡದ ಮಾತಿಗೆ.

ಸಾಹೇಬರು ತಟ್ಟೆಯಿಂದ ಶಾಲು ಎತ್ತಿಕೊಂಡು ಮುಂದೆ ಬಂದರು. ಅಧ್ಯಕ್ಷರು ವಿನಯದಿಂದ ಬೆನ್ನು ಬಾಗಿಸಿದರು. ಸಾಹೇಬರು ಅವರ ಪಕ್ಕದಿಂದ ಹಾದು ನೇರವಾಗಿ ಹುಡುಗಿಯರ ಸಾಲಿಗೆ ಹೋಗಿ ಸುಕನ್ಯಾಳಿಗೆ ಶಾಲು ಹೊದಿಸಿದರು.

“ಎಷ್ಟು ಛಲೋ ಬರದ ಕೊಟ್ಟೀಯವಾ,” ಎಂದು ಆಕೆಯ ಬೆನ್ನು ತಟ್ಟಿದರು. “ಒಂದು ಮಾತೂ ಹೆಚ್ಚಿಲ್ಲ, ಕಡಿಮಿ ಇಲ್ಲ. ಅಪ್ಪನ ಬಾಯಾಗ ಎಂಥಾ ಮಾತು ಹಾಕೀದಿ.”

ಸುಕನ್ಯಾ ಇದು ನಾನು ಬರೆದದ್ದಲ್ಲ ಎನ್ನಲು ಬಾಯಿ ತೆರೆದಳು. ಆದರೆ ಮೊದಲು ಅಪ್ಪನ ಮುಖ ನೋಡಿದಳು. ದುರ್ಗಾದೇವಿ ಮೇಡಂ, ಕನ್ನಡ ಮೇಷ್ಟ್ರು, ಪಾಲಕರು ಎಲ್ಲ ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಇನ್ನೂ ಬಾಗಿಸಿಕೊಂಡೇ ನಿಂತಿದ್ದ ಬೆನ್ನನ್ನು ಗಾಳೇಶಪ್ಪನವರು ಮೆಲ್ಲಗೆ ನೆಟ್ಟಗೆ ಮಾಡಿದರು. ಅಲ್ಲ ಎಂದರೆ ನಂಬುವವರು ಆ ಮೈದಾನದಲ್ಲಿ ಒಬ್ಬರೂ ಇರಲಿಲ್ಲ. ಅವರ ಮಾತನ್ನು ನಂಬದಂತೆ ಊರಿಗೆ ಕಲಿಸಿದವರು ಅವರೇ.

“ಹೌದ್ರಿ ಸಾಹೇಬ್ರ,” ಎಂದರು. “ಆಕೀನ ಬರದದ್ದು.”